ಒಂದು ಮೂಲಿ ತಣ್ಣಗಿರಲಿ

ಫಾರೆಸ್ಟ್ ವಾಚರ್ ವೈಜಿನಾಥ
ರಾತ್ರಿ ಒಂಬತ್ತಕ್ಕ ಷಟರ್ ಬಡದ.
ಡಿಸೆಂಬರಿನ ಬೀದರ, ಬಾಯಿ ತೆರದ್ರ ಹೊಗಿ.
"ಮಿಸ್ತ್ರಿ, ಒಂದು ಬಲ್ಬ್ ಬೇಕು,
ಆಮಿಗೆ."

ನಾ ನಗಲಿಲ್ಲ.
ಮದವಿಗೆ ಸೀರಿಯಲ್ ಸೆಟ್ ಕೊಟ್ಟವ ನಾ,
ಉರುಸಿಗೆ ಹಸರು ಟ್ಯೂಬ್ ಕಟ್ಟಿದವ,
ಮಿಷನ್ ಕಂಪೌಂಡಿನ ಕಾಗದದ ಚಿಕ್ಕಿಗೆ ವೈರ್ ಎಳದವ.
ಆಮಿಗೆ ಏನು ಕೊಡಬೇಕು?

ಹೈದ್ರಾಬಾದ ಬಸ್ಸಿನ ಸೀಟಿನ ಕೆಳಗ ಸಿಕ್ಕದ್ದಂತ,
ಟಿಫನ್ ಡಬ್ಬಿಯೊಳಗ, ಬನಿಯನ್ ಬಟ್ಟಿ ಸುತ್ತಿ.
ಯಾರೋ ಸಾಕಲಿಕ್ಕೆ ಮಾರಿದ್ದು, ಯಾರೋ ಕೊಂಡಿದ್ದು.
ಕೇಸು ಮುಗಿಯೋ ತನಕ
ರೇಂಜ್ ಆಫೀಸಿನ ಹಿಂದಿನ ಖೋಲಿನೇ ಅದರ ಮನಿ.
ಡಾಕ್ಟರ್ ಬಾಯಿ ಹೇಳ್ಯಾರ, ಥಂಡಿ ತಾಗಬಾರದು.

ಬಿದರಿ ಕೆಲಸದ ಹಂಗ ಅದ, ಅಂದ್ರು ನೋಡಿದವರೆಲ್ಲ,
ಕರಿ ಚಿಪ್ಪು, ಮ್ಯಾಲ ಗೆರಿ ಗೆರಿ ಚಿಕ್ಕಿ.
ಬಿದರಿ ಹೂದಾನಿಗೆ ಥಂಡಿ ಹತ್ತಂಗಿಲ್ಲ,
ಅಂದೆ ನಾ.

ಮೊದಲನೇ ರಾತ್ರಿ ತಪ್ಪು ಮಾಡಿದೆ.
ಇನ್ನೂರು ವ್ಯಾಟಿನ ಬಲ್ಬು, ಪ್ಲಾಸ್ಟಿಕ್ ಹೋಲ್ಡರ್,
ಚಿಪ್ಪಿಗೆ ಗೇಣುದ್ದ ಮ್ಯಾಲ.
ಮುಂಜಾನಿ ಹೋಲ್ಡರ್ ಸೊಟ್ಟಾಗಿ ಜೋತಾಡತಿತ್ತು.
ಸುಟ್ಟ ವಾಸನಿ.
ಆಮಿ ಗ್ವಾಡಿಗೆ ಮುಖ ಒತ್ತಿ ನಿಂತಿತ್ತು.
ಎಲ್ಲಿಗೆ ಸರೀಬೇಕು ಅದು,
ಎರಡು ಫೂಟಿನ ಪೆಟ್ಟಿಗಿ, ಎಲ್ಲ ಕಡಿ ಒಂದೇ ಧಗಿ.

ನಮ್ಮವ್ವ ನೌಬಾದಿನಾಗ ಕೋಳಿಮರಿ ಸಾಕತಿದ್ದಳು.
ಬಲ್ಬಿನ ಕೆಳಗ ಗುಂಪಾದ್ರ ಥಂಡಿ,
ದೂರ ಓಡಿದ್ರ ಸೆಕಿ,
ಹರವಿಕೊಂಡು ಕಾಳು ಕುಕ್ಕಿದ್ರ ಸರಿ.
ಚೀಂವ್ ಚೀಂವ್ ಅಂತ ಹೇಳೇ ಬಿಡತಿದ್ದವು.
ಇದು ಹೇಳಂಗಿಲ್ಲ.
ಬೆನ್ನು ಸುಟ್ಟರೂ ಅದಕ್ಕ ತಡ ಮಾಡಿ ಖಬರು.

ದೊಡ್ಡ ಪೆಟ್ಟಿಗಿ ತರಿಸಿದೆ, ನಾಲ್ಕು ಫೂಟಿಂದು.
ಪಿಂಗಾಣಿ ಹೋಲ್ಡರ್. ವೈರಿಗೆ ಜೋತು ಹಾಕಲಿಲ್ಲ, ಸರಪಳಿ.
ಆಮ್ಯಾಲ ಚಿಪ್ಪಿನ ಎತ್ತರಕ್ಕ ನನ್ನ ಮುಂಗೈ ಇಟ್ಟೆ.
ಎಡಗೈ.
ಬಲಗೈಗೆ ಕಂಬದ ಮ್ಯಾಲ ಕರೆಂಟ್ ಹೊಡದಾಗಿಂದ
ಬಿಸಿ ಏನು, ಮಂಜು ಏನು.
ಅರವತ್ತು ಎಣಸೂದ್ರಾಗ ಚುರ್ ಅಂತು.
ಸರಪಳಿ ಎರಡು ಕೊಂಡಿ ಮ್ಯಾಲ.
ಮತ್ತ ಎಣಿಸಿದೆ.
ನೂರು, ನೂರೈವತ್ತು, ಮುನ್ನೂರು.
ವೈಜಿನಾಥ ಸ್ಟೂಲಿನ ಮ್ಯಾಲ ನಿದ್ದಿ ಹೋದ.

ಒಂದು ಮೂಲಿ ಬೆಚ್ಚಗ, ಬಲ್ಬಿನ ಕೆಳಗ ಒಂದು ಹೆಂಚು.
ಒಂದು ಮೂಲಿ ತಣ್ಣಗ, ಒಡದ ಗಡಿಗಿಯ ನೆರಳು.
ಎರಡೂ ಕೊಡೋದು ನಮ್ಮ ಕೆಲಸ,
ಆರಿಸಿಕೊಳ್ಳೋದು ಅದರದು.

"ರಾತ್ರಿಗೆ ಕೆಂಪು ಬಲ್ಬ್ ಹಾಕ್ರಿ, ನಿದ್ದಿ ಹತ್ತತದ."
ನಿನ್ನ ದಿಂಬಿನ ಮ್ಯಾಲ ಹಾಕಲೇನು, ಅಂದೆ.
ಹೈದ್ರಾಬಾದಿನಿಂದ ಮಣ್ಣಿನ ಹೀಟರ್ ಬಂತು,
ಬಲ್ಬಿನಂಥ ಮೈ, ಬೆಳಕಿಲ್ಲ, ಬರೇ ಕಾವು.
ಇಪ್ಪತ್ತೆರಡು ವರ್ಷದ ಅಂಗಡಿ.
ಕತ್ತಲಿ ಮಾರಿದ್ದು ಇದೇ ಮೊದಲು.

ಕಿಟಕಿ ಬಾಜು ಇಟ್ರ ಬಿಸಲು ಬೀಳತದಲ್ಲ, ಅಂದೆ.
ಡಾಕ್ಟರ್ ಬಾಯಿ ತಲಿ ಅಲ್ಲಾಡಿಸಿದ್ರು.
ಗಾಜು ಬೆಳಕು ಬಿಡತದ,
ಎಲುಬಿಗೆ ಬೇಕಾದ್ದು ಹಿಡದು ಇಟ್ಕೊಳ್ಳತದ.
ಅವತ್ತಿನಿಂದ ದಿನಾ ಹನ್ನೊಂದಕ್ಕ
ವೈಜಿನಾಥ ಅಂಗಳದಾಗ, ಬೇವಿನ ಅರ್ಧ ನೆರಳಿನಾಗ,
ಕಾಗಿ ಹೊಡೀಲಿಕ್ಕೆ ಕೋಲು ಹಿಡದು,
ಸರಕಾರಿ ಆಮಿಗೆ ಬಿಸಲು ಕಾಯಿಸತಾನ.

ಜನವರಿಯ ಒಂದು ರಾತ್ರಿ, ಮೂರಕ್ಕ ಫೋನು.
ಕರೆಂಟ್ ಹೋಗ್ಯಾದ, ಮಿಸ್ತ್ರಿ.
ಸ್ಕೂಟರಿನ ಮ್ಯಾಲ ಕಿವಿ ಕಡದು ಬೀಳೋ ಗಾಳಿ.
ಹೋಗಿ ಕೈ ಇಟ್ಟೆ. ಹೆಂಚಿನಾಗ ಇನ್ನೂ ಕಾವಿತ್ತು.
ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಬಾಜು ಇಟ್ಟೆ.
ಆಮಿ ಒಂದು ಕಣ್ಣು ತೆರದು ಮುಚ್ಚಿತು.

ಟಾರ್ಚಿನಾಗ ಆವಾಗ ಕಂಡಿದ್ದು:
ವೈಜಿನಾಥನ ಕಾಲಿಗೆ ಯೂರಿಯಾ ಚೀಲ,
ತಲಿಗೆ ಹೆಂಡತಿಯ ಸೆರಗಿನ ತುಂಡು,
ನೆಲದ ಮ್ಯಾಲ ಪೇಪರ್ ಹಾಸಿ.
"ನಿನಗ ಹೀಟರ್ ಇಲ್ಲೇನೋ?"
"ನನಗ ಮಂಜೂರಿ ಇಲ್ರಿ."

ತಿಂಗಳ ಕೊನಿಗೆ ಬಿಲ್ಲು ಬರೆದೆ.
ಸರಪಳಿ ಮೂರು ಫೂಟು,
ಪಿಂಗಾಣಿ ಹೋಲ್ಡರ್ ಎರಡು,
ಹೀಟರ್ ಎರಡು.
ರೇಂಜರ್ ಚಷ್ಮಾ ಇಳಿಸಿ ನೋಡಿದ್ರು.
"ಆಮಿ ಒಂದೇ ಅಲ್ಲೇನು?"
ಹೌದ್ರಿ, ಅಂದೆ,
ಒಂದೇ.